ಹೊಲಿಗೆ ಗುಂಪಿಗೆ ಹೆಸರಿನ ಬಿಲ್ಲೆ: ಬಟ್ಟೆ ಆರಿಸುವ ಮೊದಲು ನಿಮ್ಮ ಹೆಸರಿನ ಅಕ್ಷರ ನೋಡಿ

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಶನಿವಾರ ಮಧ್ಯಾಹ್ನ ಸೇರುವ ಹೊಲಿಗೆ ಗುಂಪು. ಶುರುವಾದಾಗ ಆರು ಜನ ಇದ್ದೆವು, ಈಗ ಹದಿನಾರು. ಆರು ಜನ ಇದ್ದಾಗ ಹೆಸರಿನ ತೊಂದರೆಯೇ ಇರಲಿಲ್ಲ. ಈಗ ಹೊಸಬರು ಬರುತ್ತಾರೆ, ಒಂದು ಸಲ ಹೆಸರು ಹೇಳುತ್ತಾರೆ, ಮಧ್ಯೆ ಎರಡು ವಾರ ಬಿಟ್ಟು ಮತ್ತೆ ಬಂದಾಗ ನಮಗೆ ಮರೆತಿರುತ್ತದೆ, ಇನ್ನೊಂದು ಸಲ ಕೇಳುವುದಕ್ಕೆ ಸಂಕೋಚ. ಆಗ 'ಏನ್ರೀ', 'ಇವರೇ', 'ಆಂಟಿ' ಶುರುವಾಗುತ್ತದೆ. ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ. ಒಂದು ದಿನ ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು, ಮದುವೆಯಾದ ಮೇಲೆ ಮೇಷ್ಟ್ರ ಮನೆಯವರು, ಆಮೇಲೆ ಮಗನ ಅಮ್ಮ, ಈಗ ಮೊಮ್ಮಗಳ ಅಜ್ಜಿ, ನನ್ನ ಹೆಸರು ಹಿಡಿದು ಯಾರಾದರೂ ಕರೆದು ಎಷ್ಟು ವರ್ಷವಾಯಿತೋ ಅಂತ. ಅವತ್ತೇ ತೀರ್ಮಾನ ಮಾಡಿದೆವು. ಎಲ್ಲರೂ ಅವರವರ ಹೆಸರನ್ನು ಅವರವರ ಕೈಯಲ್ಲೇ ಹೊಲಿದು ಹಾಕಿಕೊಂಡು ಬರಬೇಕು.

ಆಮೇಲೆ ಪ್ರಶ್ನೆಗಳು ಶುರುವಾದವು. ಚೌಕ ಚೌಕವಾಗಿ ನೇಯ್ದ ಐಡಾ ಬಟ್ಟೆ ತರಲಾ, ನೇಯದೆ ಎಳೆ ಒತ್ತಿ ಮಾಡಿದ ಫೆಲ್ಟ್ ತರಲಾ, ಮನೆಯಲ್ಲಿರುವ ಬ್ಲೌಸ್ ಪೀಸ್ ಸಾಕಾ? ಪಿನ್ ಹಾಕುವುದಾ, ಕೊರಳಿಗೆ ದಾರ ಕಟ್ಟುವುದಾ? ನನಗೆ ಬರೀ ರನ್ನಿಂಗ್ ಸ್ಟಿಚ್ ಬರುತ್ತದೆ, ನಾನೂ ಮಾಡಬಹುದಾ? ಈ ಆರು ತಿಂಗಳಲ್ಲಿ ನಾನೇ ನಾಲ್ಕು ಥರ ಮಾಡಿ ಹಾಕಿಕೊಂಡು ನೋಡಿದ್ದೇನೆ, ಉಳಿದವರು ಮಾಡಿದ್ದನ್ನೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಅದರಿಂದ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವುದನ್ನು ನೋಡಿ ಆರಿಸಬೇಕು?

ಎಲ್ಲಕ್ಕಿಂತ ಮೊದಲನೆಯದು, ಎದುರಿಗೆ ಕೂತವರಿಗೆ ಓದಲು ಬರಬೇಕು. ನಾವು ಸುತ್ತಲೂ ಕುರ್ಚಿ ಹಾಕಿಕೊಂಡು ಕೂರುತ್ತೇವೆ, ಎದುರಿನವರು ಏಳೆಂಟು ಅಡಿ ದೂರ ಇರುತ್ತಾರೆ. ಹತ್ತಿರ ಬಂದು, ಬಗ್ಗಿ, ಎದೆಯ ಮೇಲೆ ಕಣ್ಣಿಟ್ಟು ಓದಬೇಕು ಅಂದರೆ ಆ ಬಿಲ್ಲೆ ಇದ್ದೂ ಉಪಯೋಗವಿಲ್ಲ. ಅಷ್ಟು ದೂರದಿಂದ ಕಾಣಬೇಕಾದರೆ ಒತ್ತು, ಗುಡಿಸು ಬಿಟ್ಟು ಅಕ್ಷರದ ಮೈಯೇ ಎರಡು ಸೆಂಟಿಮೀಟರ್ ಎತ್ತರ ಇರಬೇಕು. ಗೆರೆ ತೆಳ್ಳಗಿರಬಾರದು. ಬಟ್ಟೆಗೂ ದಾರಕ್ಕೂ ಬಣ್ಣ ಎದ್ದು ಕಾಣುವಷ್ಟು ಬೇರೆ ಇರಬೇಕು. ತಿಳಿ ಗುಲಾಬಿ ಮೇಲೆ ಗುಲಾಬಿ ದಾರ ಕೈಯಲ್ಲಿ ಹಿಡಿದಾಗ ಬಹಳ ಚೆಂದ, ಎಂಟು ಅಡಿ ದೂರಕ್ಕೆ ಬರೀ ಗುಲಾಬಿ ಬಟ್ಟೆ.

ಎರಡನೆಯದು ನಿಮ್ಮ ಹೆಸರು. ಇದರ ಬಗ್ಗೆ ಕೆಳಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಆಮೇಲೆ ನೀವು ಏನು ಉಟ್ಟು ಬರುತ್ತೀರಿ ಅನ್ನೋದು. ಸೀರೆಯಾ, ಚೂಡಿದಾರಾ, ಕುರ್ತಾನಾ. ಕಣ್ಣು ಹೇಗಿದೆ, ಎಷ್ಟು ಹೊತ್ತು ಕೂರಬಲ್ಲಿರಿ. ಖರ್ಚು ಎಷ್ಟು. ಒಗೆಯುವುದಕ್ಕೆ ಆಗುತ್ತದಾ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಪ್ರತಿ ವಾರ ಬೆವರು, ಕಾಫಿ, ಕೈಗೆ ಹಚ್ಚಿದ ಎಣ್ಣೆ ಎಲ್ಲ ತಾಗುವ ವಸ್ತು ಅದು, ಆರು ತಿಂಗಳಿಗೊಮ್ಮೆಯಾದರೂ ನೀರು ಕಾಣಬೇಕು.

ಕನ್ನಡದ ಅಕ್ಷರಕ್ಕೆ ಯಾವ ಹೊಲಿಗೆ ಒಗ್ಗುತ್ತದೆ

ಕಸೂತಿ ಮಾದರಿ ಹುಡುಕಿದರೆ ಸಿಗುವುದೆಲ್ಲ ಇಂಗ್ಲಿಷ್ ಅಕ್ಷರಗಳದ್ದು. ಅವು ನೆಟ್ಟಗಿನ ಗೆರೆ, ಅಡ್ಡ ಗೆರೆ, ಏಳು ಚೌಕದ ಎತ್ತರದಲ್ಲಿ ಮುಗಿದು ಹೋಗುತ್ತವೆ. ನಮ್ಮ ಅಕ್ಷರ ಹಾಗಲ್ಲ. ದುಂಡಗೆ ತಿರುಗುತ್ತದೆ, ಮೇಲೆ ತಲಕಟ್ಟು, ಗುಡಿಸು, ಪಕ್ಕಕ್ಕೆ ಕೊಂಬು, ದೀರ್ಘ, ಕೆಳಗೆ ಒತ್ತು. ರಮಾ, ಕಮಲ, ವನಜಾ ಅಂತ ಹೆಸರಿದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಪದ್ಮ, ಪುಷ್ಪ, ಸರಸ್ವತಿ ಅಂದರೆ ಕೆಳಗೆ ಇನ್ನೊಂದು ಮಹಡಿ ಬೇಕು. ಲಕ್ಷ್ಮಿ ಅಂದರೆ ಕ್ಷ, ಅದಕ್ಕೆ ಮ ಒತ್ತು, ತಲೆಯ ಮೇಲೆ ಗುಡಿಸು, ಎಲ್ಲವೂ ಒಂದೇ ಜಾಗದಲ್ಲಿ. ಇದನ್ನೆಲ್ಲ ಎರಡು ಇಂಚು ಎತ್ತರದ ಬಿಲ್ಲೆಯಲ್ಲಿ ಕೂರಿಸಬೇಕು.

ಚಿಕ್ಕ ಗುರುತುಗಳು ನಮ್ಮಲ್ಲಿ ಅಕ್ಷರವನ್ನೇ ಬದಲಾಯಿಸುತ್ತವೆ ಅಲ್ವಾ. ರ ಒಳಗೆ ಒಂದು ಚುಕ್ಕೆ ಬಿದ್ದರೆ ಠ. ದ ಕೆಳಗೆ ಒಂದು ಸಣ್ಣ ಗೀಟು ಬಂದರೆ ಧ. ಪ ಒಳಗೆ ಒಂದು ಗೆರೆ ಬಂದರೆ ಷ. ನಿಮ್ಮ ಹೊಲಿಗೆಗೆ ಆ ಗೀಟನ್ನು ಸ್ಪಷ್ಟವಾಗಿ ಎಳೆಯುವ ಶಕ್ತಿ ಇಲ್ಲದಿದ್ದರೆ ಮಾಧವಿ ಅನ್ನುವವರು ಮಾದವಿ ಆಗುತ್ತಾರೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಬಿಳಿ ಹಾಳೆಯಲ್ಲಿ ಮೂರು ಇಂಚು ಅಗಲ, ಎರಡು ಇಂಚು ಎತ್ತರದ ಚೌಕಟ್ಟು ಹಾಕಿ. ದಪ್ಪ ಸ್ಕೆಚ್ ಪೆನ್ನಿನಲ್ಲಿ ನಿಮ್ಮ ಹೆಸರನ್ನು ಅದರೊಳಗೆ ಬರೆಯಿರಿ. ಗೋಡೆಗೆ ಅಂಟಿಸಿ ಎಂಟು ಅಡಿ ದೂರ ನಿಂತು ನೋಡಿ. ಓದಲು ಬಂದರೆ ಅಳತೆ ಸರಿ. ಇಕ್ಕಟ್ಟಾಯಿತು ಅನಿಸಿದರೆ ನಾಲ್ಕು ಇಂಚು ಅಗಲಕ್ಕೆ ಹೋಗಿ, ಪರವಾಗಿಲ್ಲ. ಇನಿಷಿಯಲ್ ಬಿಡಿ. 'ಎಂ.ಎಸ್.' ಅನ್ನುವುದು ಅರ್ಧ ಬಿಲ್ಲೆ ತಿಂದು ಹಾಕುತ್ತದೆ, ಯಾರೂ ಅದನ್ನು ಕರೆಯುವುದಿಲ್ಲ. ಹಾಗೇ ಪೂರ್ತಿ ಹೆಸರು ಬೇಕೇ ಬೇಕು ಅಂತಿಲ್ಲ. ಆಧಾರ್ ಕಾರ್ಡಿನಲ್ಲಿ ಇರುವುದಲ್ಲ, ನಿಮ್ಮನ್ನು ಹೇಗೆ ಕರೆದರೆ ನಿಮಗೆ ಖುಷಿಯೋ ಅದು. ನಮ್ಮಲ್ಲಿ ಒಬ್ಬರು ತವರಿನಲ್ಲಿ ಕರೆಯುತ್ತಿದ್ದ ಚಿಕ್ಕ ಹೆಸರನ್ನೇ ಹೊಲಿದುಕೊಂಡು ಬಂದರು. ಈಗ ನಮಗೆಲ್ಲರಿಗೂ ಅವರು ಆ ಹೆಸರೇ.

ಐಡಾ ಬಟ್ಟೆ, ಕ್ರಾಸ್ ಸ್ಟಿಚ್

ನೋಡಲು ಅಚ್ಚುಕಟ್ಟು. ಬಟ್ಟೆಯಲ್ಲೇ ಚೌಕ ಇರುವುದರಿಂದ ಗುರುತು ಹಾಕುವ ಕೆಲಸವಿಲ್ಲ, ಎಣಿಸಿಕೊಂಡು ಹೋದರೆ ಸಾಕು, ಗುಣಾಕಾರದ ಗುರುತಿನ ಹಾಗೆ ಬರುವ ಹೊಲಿಗೆಗಳೆಲ್ಲ ಒಂದೇ ಅಳತೆ. ಹೊಸದಾಗಿ ಕಲಿಯುವವರಿಗೂ ಧೈರ್ಯ ಬರುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. 14 ಕೌಂಟ್ ಐಡಾ ಅಂದರೆ ಒಂದು ಇಂಚಿಗೆ 14 ಚೌಕ. ಕನ್ನಡದ ಒಂದು ಅಕ್ಷರ ದುಂಡಗೆ ಕಾಣಬೇಕಾದರೆ ಅಡ್ಡಕ್ಕೆ ಸುಮಾರು 14 ಚೌಕ ಬೇಕು. ಮೂರಕ್ಷರದ ಹೆಸರಿಗೆ 42, ಮಧ್ಯದ ಜಾಗಕ್ಕೆ ಮೂರು ಮೂರರಂತೆ 6, ಒಟ್ಟು 48 ಚೌಕ. ಅಂದರೆ ಹೆಚ್ಚುಕಮ್ಮಿ ಮೂರೂವರೆ ಇಂಚು, ಅಂಚು ಬಿಟ್ಟು. ಎತ್ತರಕ್ಕೆ ಅಕ್ಷರದ ಮೈ 12, ಮೇಲೆ ಗುಡಿಸಿಗೆ 2, ಕೆಳಗೆ ಒತ್ತಿಗೆ 8, ಸೇರಿ 22 ಚೌಕ, ಒಂದೂವರೆ ಇಂಚು ದಾಟುತ್ತದೆ. ಮೂರಕ್ಷರಕ್ಕೆ ಇಷ್ಟು. ಐದಕ್ಷರದ ಹೆಸರು ಎದೆಯ ಮೇಲೆ ಬೋರ್ಡಿನ ಹಾಗೆ ಆಗುತ್ತದೆ. 18 ಕೌಂಟ್ ತಂದರೆ ಅದೇ 48 ಚೌಕ ಎರಡೂ ಮುಕ್ಕಾಲು ಇಂಚಿನೊಳಗೆ ಕೂರುತ್ತದೆ, ಆದರೆ ಚೌಕಗಳು ಅಷ್ಟು ಚಿಕ್ಕವು, ನಲವತ್ತು ದಾಟಿದವರು ಟ್ಯೂಬ್‌ಲೈಟ್ ಬೆಳಕಿನಲ್ಲಿ ಹೊಲಿದರೆ ಕಣ್ಣು ನೋಯುತ್ತದೆ. ಅಕ್ಷರವೂ ಸಣ್ಣದಾಗಿ, ದೂರಕ್ಕೆ ಕಾಣುವುದಿಲ್ಲ.

ನಮ್ಮ ಕಡೆ ಸುಲಭವಾಗಿ ಸಿಗುವುದು ಮ್ಯಾಟಿ ಬಟ್ಟೆ. ಶಾಲೆಯಲ್ಲಿ ಹೊಲಿಗೆ ತರಗತಿಯಲ್ಲಿ ಮೇಜುಬಟ್ಟೆ ಮಾಡಿದವರಿಗೆ ನೆನಪಿರುತ್ತದೆ. ಐಡಾಗಿಂತ ಬೆಲೆ ಕಡಿಮೆ, ಮೆತ್ತಗೆ, ಆದರೆ ನೇಯ್ಗೆ ಸಡಿಲ. ಕತ್ತರಿಸಿದ ತಕ್ಷಣ ಅಂಚಿನ ಎಳೆ ಬಿಟ್ಟುಕೊಳ್ಳುತ್ತದೆ, ಶುರು ಮಾಡುವ ಮೊದಲೇ ಸುತ್ತ ಒಂದು ಓವರ್‌ಲಾಕ್ ಹಾಕಿಸಿಬಿಡಿ.

ಕ್ರಾಸ್ ಸ್ಟಿಚ್ ಇಷ್ಟವಾದರೆ ಒಂದು ದಾರಿ ಇದೆ. ಹೆಸರನ್ನು ಕ್ರಾಸ್‌ನಲ್ಲಿ ಮಾಡಬೇಡಿ, ಸುತ್ತಲಿನ ಅಂಚನ್ನು ಮಾತ್ರ ಮಾಡಿ, ಹೆಸರಿಗೆ ಅದೇ ಐಡಾ ಮೇಲೆ ಬ್ಯಾಕ್ ಸ್ಟಿಚ್ ಹಾಕಿ, ಅಂದರೆ ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಬಂದು ಚುಚ್ಚಿ ಸಂದಿಲ್ಲದೆ ಹೋಗುವ ಹೊಲಿಗೆ. ಬ್ಯಾಕ್ ಸ್ಟಿಚ್ ಓರೆಯಾಗಿಯೂ ಹೋಗುತ್ತದೆ, ಚೌಕದ ಮಧ್ಯೆಯೂ ಸೂಜಿ ಚುಚ್ಚಬಹುದು, ಆಗ ದುಂಡು ಬರುತ್ತದೆ. ಕಪ್ಪು ಐಡಾ ಮೇಲೆ ಹೊಲಿಯುವ ಆಸೆ ಇದ್ದರೆ ತೊಡೆಯ ಮೇಲೆ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ತೂತುಗಳ ಮೂಲಕ ಬಿಳಿ ಕಂಡು, ಎಣಿಸಲು ಸುಲಭವಾಗುತ್ತದೆ.

ನನಗೆ ಐಡಾ ಬಿಲ್ಲೆಗೆ ಮೂರು ಸಂಜೆ ಹಿಡಿಯಿತು. ಚಿಕ್ಕ ತುಂಡು ಕೊಡುವ ಅಂಗಡಿ ಸಿಗಲಿಲ್ಲ, ಹಾಗಾಗಿ ಬಟ್ಟೆಗೇ ಜಾಸ್ತಿ ದುಡ್ಡು ಹೋಯಿತು. ನಾಲ್ಕು ಜನ ಸೇರಿ ಒಂದು ತುಂಡು ತಂದು ಹಂಚಿಕೊಂಡರೆ ಮಾತ್ರ ಇದು ಕೈಗೆಟುಕುವ ಬೆಲೆಗೆ ಬರುತ್ತದೆ.

ಮನೆಯಲ್ಲಿರುವ ಹತ್ತಿ ಬಟ್ಟೆ, ಕೈಬರಹದ ಹೆಸರು

ಇದೇ ನನಗೆ ಎಲ್ಲಕ್ಕಿಂತ ಇಷ್ಟ, ಕನ್ನಡಕ್ಕೆ ಇದೇ ಒಗ್ಗುತ್ತದೆ ಅಂತ ಈಗ ಗಟ್ಟಿಯಾಗಿ ಹೇಳುತ್ತೇನೆ. ಕಾರಣ ಸರಳ. ನಮ್ಮ ಅಕ್ಷರವನ್ನು ಪೆನ್ನು ಎತ್ತದೆ ಸುತ್ತಿ ಬರೆಯುತ್ತೇವೆ, ದಾರವೂ ಹಾಗೇ ಸುತ್ತಿಕೊಂಡು ಹೋಗುತ್ತದೆ. ಚೌಕದ ಹಂಗಿಲ್ಲ. ಹೆಸರನ್ನು ನೀವೇ ಕೈಯಾರೆ ಬರೆದು, ಆ ಗೆರೆಯ ಮೇಲೇ ಹೊಲಿದರೆ ಅದು ನಿಮ್ಮ ಅಕ್ಷರ. ನಮ್ಮ ಗುಂಪಿನಲ್ಲಿ ಒಬ್ಬರು ತಮ್ಮ ತಾಯಿಯ ಹಳೆಯ ಕಾಗದದಲ್ಲಿದ್ದ 'ಚಿ. ಸೌ.' ಪಕ್ಕದ ತಮ್ಮ ಹೆಸರನ್ನು ಹಾಗೇ ಟ್ರೇಸ್ ಮಾಡಿ ಹೊಲಿದಿದ್ದಾರೆ. ತಾಯಿ ಈಗಿಲ್ಲ. ಆ ಬಿಲ್ಲೆಯನ್ನು ನಾನು ಪ್ರತಿ ವಾರ ನೋಡುತ್ತೇನೆ.

ಬಟ್ಟೆಗೆ ಹುಡುಕಾಟವೇ ಬೇಡ. ಮೈಸೂರಿನ ಮನೆಗಳಲ್ಲಿ ಅರಿಶಿನ ಕುಂಕುಮಕ್ಕೆ ಕೊಟ್ಟ ಬ್ಲೌಸ್ ಪೀಸ್‌ಗಳು ಬೀರುವಿನಲ್ಲಿ ಗುಡ್ಡೆ ಬಿದ್ದಿರುತ್ತವೆ. ಅದರಲ್ಲಿ ಹತ್ತಿಯದ್ದು ಯಾವುದು ಅಂತ ನೋಡಿ ತೆಗೆಯಿರಿ. ರುಬಿಯಾ ತೆಳ್ಳಗಿರುತ್ತದೆ, ಹಿಂದಿನ ಗಂಟು ಮುಂದಕ್ಕೆ ಕಾಣುತ್ತದೆ, ಅದಕ್ಕೆ ಒಳಗೆ ಕ್ಯಾನ್ವಾಸ್ ಇಡಲೇಬೇಕು. ಕಾಲರ್‌ಗೆ ಹಾಕುವ ಕ್ಯಾನ್ವಾಸಿನ ಚೂರು ನಿಮ್ಮ ಟೈಲರ್ ಹತ್ತಿರ ಕೇಳಿದರೆ ಸುಮ್ನೆ ಕೊಡುತ್ತಾರೆ. ಖಾದಿ ಇನ್ನೂ ಒಳ್ಳೆಯದು. ನಂಜನಗೂಡಿನ ಹತ್ತಿರದ ಬದನವಾಳು ಖಾದಿಗೆ ಹೆಸರಾದ ಊರು, ಗಾಂಧೀಜಿಯವರು ಬಂದು ಹೋಗಿದ್ದ ಜಾಗ. ಕೈಯಲ್ಲಿ ನೂತ ಬಟ್ಟೆಯ ಮೇಲೆ ಕೈಯಲ್ಲಿ ಹೊಲಿದ ಹೆಸರು ಕೂತರೆ ಅದರ ಚೆಂದವೇ ಬೇರೆ. ಖಾದಿ ಸ್ವಲ್ಪ ಒರಟಾಗಿರುವುದರಿಂದ ದಾರ ಜಾರುವುದಿಲ್ಲ, ಹೊಸಬರ ಕೈಗೂ ಒಗ್ಗುತ್ತದೆ. ಆದರೆ ಮೊದಲು ಒಂದು ಸಲ ನೆನೆಸಿ ಒಣಗಿಸಿ, ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ.

ಹೊಲಿಗೆಯಲ್ಲಿ ಮೂರು ಆಯ್ಕೆ. ಬ್ಯಾಕ್ ಸ್ಟಿಚ್ ಎಲ್ಲರಿಗೂ ಬರುತ್ತದೆ, ತಿರುವಿನಲ್ಲಿ ಹೊಲಿಗೆ ಚಿಕ್ಕದಾಗಲಿ, ಎರಡು ಮಿಲಿಮೀಟರ್ ಸಾಕು, ಇಲ್ಲದಿದ್ದರೆ ದುಂಡು ಹೋಗಿ ಮೂಲೆ ಬರುತ್ತದೆ. ಸ್ಟೆಮ್ ಸ್ಟಿಚ್ ತಿರುವಿಗೆ ಚೆನ್ನಾಗಿ ಬಗ್ಗುತ್ತದೆ, ಹಗ್ಗ ಹೊಸೆದ ಹಾಗೆ ಕಾಣುತ್ತದೆ. ಸರಪಳಿಯ ಕೊಂಡಿಗಳ ಹಾಗೆ ಬರುವ ಚೈನ್ ಸ್ಟಿಚ್ ದಪ್ಪ, ದೂರಕ್ಕೆ ಚೆನ್ನಾಗಿ ಕಾಣುತ್ತದೆ, ಆದರೆ ಒತ್ತಕ್ಷರದ ಸಣ್ಣ ಸುತ್ತುಗಳಲ್ಲಿ ತುಂಬಿಕೊಂಡು ಮುದ್ದೆಯಾಗುತ್ತದೆ. ನಾನು ಮಾಡಿದ್ದು ಹೀಗೆ. ಅಕ್ಷರದ ಮೈಗೆ ಚೈನ್, ಒತ್ತಿಗೆ ಬ್ಯಾಕ್ ಸ್ಟಿಚ್, ಠ, ಥ ಒಳಗಿನ ಚುಕ್ಕೆಗೆ ಒಂದೇ ಒಂದು ಫ್ರೆಂಚ್ ನಾಟ್, ಸೂಜಿಗೆ ದಾರ ಸುತ್ತಿ ಹಾಕುವ ಪುಟ್ಟ ಗಂಟು. ಬ್ಯಾಕ್ ಸ್ಟಿಚ್ ಮಾತ್ರ ಬರುವವರು ಮುಗಿದ ಮೇಲೆ ಇನ್ನೊಂದು ದಾರವನ್ನು ಪ್ರತಿ ಹೊಲಿಗೆಯ ಕೆಳಗಿನಿಂದ ತೂರಿಸಿ ಸುತ್ತಿಕೊಂಡು ಹೋಗಿ, ಬಟ್ಟೆಗೆ ಚುಚ್ಚಬೇಡಿ. ಗೆರೆ ದಪ್ಪವಾಗಿ, ನುಣ್ಣಗೆ, ಪೆನ್ನಿನಲ್ಲಿ ಬರೆದ ಹಾಗೆ ಬರುತ್ತದೆ. ಸೂಜಿ ಹಿಡಿದು ಎರಡು ವಾರವಾದವರೂ ಇದನ್ನು ಮಾಡಿದ್ದಾರೆ.

ಆಂಕರ್ ಕಂಪನಿಯ ಕಸೂತಿ ದಾರದಲ್ಲಿ ಆರು ಎಳೆ ಇರುತ್ತವೆ. ಹೆಸರಿಗೆ ಮೂರು ಎಳೆ ತೆಗೆದುಕೊಳ್ಳಿ, ಒತ್ತಿಗೆ ಎರಡು. ಉದ್ದ ಒಂದು ಮೊಳ ಸಾಕು, ಮಾರುಕಟ್ಟೆಯಲ್ಲಿ ಮಲ್ಲಿಗೆ ಅಳೆಯುತ್ತಾರಲ್ಲ, ಮೊಣಕೈಯಿಂದ ಬೆರಳ ತುದಿಗೆ, ಅಷ್ಟೇ. ಅದಕ್ಕಿಂತ ಉದ್ದವಾದರೆ ಗಂಟು ಬೀಳುತ್ತದೆ, ಬಟ್ಟೆಯಲ್ಲಿ ಓಡಾಡಿ ಓಡಾಡಿ ಕೊನೆಗೆ ದಾರದ ಹೊಳಪೂ ಹೋಗುತ್ತದೆ.

ಬರೆದ ಹೆಸರನ್ನು ಬಟ್ಟೆಗೆ ಇಳಿಸಲು ತಿಳಿ ಬಣ್ಣವಾದರೆ ಕಿಟಕಿ ಗಾಜು ಸಾಕು, ಬೆಳಗಿನ ಬಿಸಿಲಿಗೆ ಕಾಗದ ಕೆಳಗೆ, ಬಟ್ಟೆ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಎಳೆಯಿರಿ. ಕಡು ಬಣ್ಣಕ್ಕೆ ಹಳದಿ ಕಾರ್ಬನ್ ಕಾಗದ. ನೀರಿಗೆ ಅಳಿಸುವ ನೀಲಿ ಪೆನ್ನು ಬಳಸಿದರೆ ಒಂದು ಎಚ್ಚರಿಕೆ, ನೀರಿನಲ್ಲಿ ಪೂರ್ತಿ ಅಳಿಸುವ ಮೊದಲು ಇಸ್ತ್ರಿ ಮಾಡಬೇಡಿ. ಬಿಸಿ ತಾಗಿದರೆ ಆ ಬಣ್ಣ ಅಲ್ಲೇ ಕೂತುಬಿಡಬಹುದು.

ಇನ್ನು ಬಣ್ಣ ಬಿಡುವ ವಿಷಯ. ನಾನು ಒಂದು ಅಂಗಡಿಯಲ್ಲಿ ಕಡು ಕೆಂಪು ಬಟ್ಟೆ ತಂದು ಬಿಳಿ ದಾರದಲ್ಲಿ ಹೆಸರು ಹೊಲಿದೆ. ಬಣ್ಣ ಹೋಗಲ್ಲ ಅಂತ ಎರಡು ಸಲ ಕೇಳಿಯೇ ತಂದಿದ್ದೆ. ಮೊದಲ ಸಲ ನೀರಿಗೆ ಹಾಕಿದಾಗಲೇ ಬಿಳಿ ಅಕ್ಷರವೆಲ್ಲ ಗುಲಾಬಿಯಾಯಿತು. ಎರಡು ಸಂಜೆಯ ಕೆಲಸ. ಬೇಜಾರು ಇನ್ನೂ ಇದೆ. ಈಗ ಯಾರು ಏನೇ ಹೇಳಲಿ, ಬಟ್ಟೆಯ ಮೂಲೆಯನ್ನು ಬಿಸಿ ನೀರಿನಲ್ಲಿ ಅದ್ದಿ ಬಿಳಿ ಕರ್ಚೀಫಿನ ಮೇಲೆ ಒತ್ತಿ ನೋಡುತ್ತೇನೆ. ಕರ್ಚೀಫಿಗೆ ಬಣ್ಣ ಬಂದರೆ ಆ ಬಟ್ಟೆ ಬೇಡ.

ಖರ್ಚು? ಬಟ್ಟೆ ಮನೆಯದು, ದಾರ ಒಂದೆರಡು ಲಡಿ. ಒಂದು ಸಂಜೆ ಹೆಸರಿಗೆ, ಇನ್ನೊಂದು ಸಂಜೆ ಹಿಂದಿನ ಬಟ್ಟೆ, ಅಂಚು, ಪಿನ್ನಿಗೆ.

ಫೆಲ್ಟ್

ಬರುವ ಶನಿವಾರವೇ ಬೇಕು, ಇವತ್ತು ಗುರುವಾರ ಅನ್ನುವವರಿಗೆ ಫೆಲ್ಟ್. ಕತ್ತರಿಸಿದರೆ ಎಳೆ ಬಿಡುವುದಿಲ್ಲ, ಅಂಚು ಮಡಿಸುವ ಕೆಲಸವಿಲ್ಲ, ಬೇಕಾದ ಆಕಾರಕ್ಕೆ ಕತ್ತರಿಸಬಹುದು. ಹಸಿರು ಫೆಲ್ಟ್‌ನಲ್ಲಿ ವೀಳ್ಯದೆಲೆಯ ಆಕಾರ ಕತ್ತರಿಸಿ ಬಿಳಿ ದಾರದಲ್ಲಿ ಹೆಸರು ಹಾಕಿದ ಬಿಲ್ಲೆಯೊಂದು ನಮ್ಮಲ್ಲಿದೆ. ಎಲೆಯ ನಡು ಅಗಲವಾಗಿರುವುದರಿಂದ ನಾಲ್ಕಕ್ಷರ ಆರಾಮಾಗಿ ಕೂತಿದೆ, ಮೈಸೂರಿನ ಗುರುತೂ ಆಯಿತು.

ತೊಂದರೆಯೂ ಇದೆ. ಅಂಗಡಿಗಳಲ್ಲಿ ಹಾಳೆಯ ಹಾಗೆ ಸಿಗುವ ಫೆಲ್ಟ್ ಹೆಚ್ಚಾಗಿ ಪಾಲಿಯೆಸ್ಟರ್. ಬಿಸಿ ಇಸ್ತ್ರಿ ಇಟ್ಟರೆ ಕರಗಿ ಅಂಟಿಕೊಳ್ಳುತ್ತದೆ. ನಾಲ್ಕು ತಿಂಗಳು ಹಾಕಿಕೊಂಡರೆ ಮೇಲೆಲ್ಲ ಜುಂಗು ಎದ್ದು ಹಳತಾಗಿ ಕಾಣುತ್ತದೆ. ಪೆನ್ಸಿಲ್ ಗೆರೆ ಅದರ ಮೇಲೆ ಮೂಡುವುದಿಲ್ಲ. ಅದಕ್ಕೆ ತೆಳ್ಳಗಿನ ಟಿಶ್ಯೂ ಕಾಗದದ ಮೇಲೆ ಹೆಸರು ಬರೆದು, ಅದನ್ನು ಫೆಲ್ಟ್ ಮೇಲೆ ಪಿನ್ ಮಾಡಿ, ಕಾಗದದ ಮೇಲಿಂದಲೇ ಹೊಲಿದು, ಕೊನೆಗೆ ಕಾಗದ ಹರಿದು ತೆಗೆಯಿರಿ. ಅಕ್ಷರಗಳನ್ನೇ ಇನ್ನೊಂದು ಬಣ್ಣದ ಫೆಲ್ಟ್‌ನಲ್ಲಿ ಕತ್ತರಿಸಿ ಅಂಟಿಸುವ ಯೋಚನೆ ಬೇಡ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅದು ಸರಿ, ನಮ್ಮ ಸ, ಕ್ಷ, ಜ್ಞ ಕತ್ತರಿಯಲ್ಲಿ ಸಿಗುವುದಿಲ್ಲ.

ಸೂಜಿ ಹೊಸದಾಗಿ ಹಿಡಿದವರಿಗೆ, ಮಕ್ಕಳಿಗೆ, ಕಣ್ಣು ಮಂಜಾದವರಿಗೆ ಇದೇ ಒಳ್ಳೆಯದು. ದಪ್ಪ ದಾರ, ದೊಡ್ಡ ಕಣ್ಣಿನ ಸೂಜಿ, ಎರಡು ಗಂಟೆಯ ಕೆಲಸ. ಐವತ್ತು ರೂಪಾಯಿಯೊಳಗೆ ನಮ್ಮವರು ಮುಗಿಸಿದ್ದಾರೆ, ಒಂದು ಹಾಳೆಯಲ್ಲಿ ನಾಲ್ಕಾರು ಬಿಲ್ಲೆ ಆಗುತ್ತದೆ.

ರೇಷ್ಮೆ, ಝರಿ, ಆರಿ ಕೆಲಸ

ಮೈಸೂರಿನಲ್ಲಿ ಹೊಲಿಗೆ ಅಂದಮೇಲೆ ರೇಷ್ಮೆಯ ಆಸೆ ಬಂದೇ ಬರುತ್ತದೆ. 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಇರುವ ಊರು ಇದು, ಅಜ್ಜಿಯ ಸೀರೆ ಹರಿದು ಬೀರುವಿನಲ್ಲಿ ಮಡಿಸಿಟ್ಟಿರುವ ಮನೆ ಎಷ್ಟೋ ಇವೆ. ಅದರ ಸೆರಗಿನ ಒಂದು ತುಂಡಿನಲ್ಲಿ ಬಿಲ್ಲೆ ಮಾಡಿದರೆ ಅದಕ್ಕಿಂತ ಒಳ್ಳೆಯ ನೆನಪು ಇನ್ನೊಂದಿಲ್ಲ. ಆದರೆ ಮೈಸೂರು ರೇಷ್ಮೆ ಕ್ರೇಪ್, ಕೈಯಲ್ಲಿ ಜಾರುತ್ತದೆ. ಹೊಲಿಯುವ ಮೊದಲೇ ಹಿಂದೆ ತೆಳುವಾದ ಹತ್ತಿ ಬಟ್ಟೆ ಸೇರಿಸಿ ಟಾಕಿ, ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗಿಗೆ ಹಾಕುವಾಗ ರಿಂಗಿನ ಅಂಚಿಗೆ ಬಟ್ಟೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ರಿಂಗಿನ ಗುರುತು ಉಳಿಯುತ್ತದೆ. ಅಪ್ಪಟ ಝರಿಯಲ್ಲಿ ಬೆಳ್ಳಿ ಇರುವುದರಿಂದ ಬೆವರು ತಾಗಿದರೆ ಕಪ್ಪಾಗುತ್ತದೆ. ಪ್ರತಿ ವಾರ ಹಾಕುವ ವಸ್ತುವಿಗೆ ಇದು ಬೇಡ ಅಂತಲೇ ನನ್ನ ಸಲಹೆ. ವರ್ಷಕ್ಕೊಮ್ಮೆ ನಿಮ್ಮ ಕೆಲಸಗಳ ಪ್ರದರ್ಶನ ಇಡುತ್ತೀರಿ, ಅವತ್ತಿಗೆ ಬೇಕು ಅನ್ನುವುದಾದರೆ ಮಾಡಿ.

ಕೊಕ್ಕೆಯಂಥ ತುದಿಯ ಆರಿ ಸೂಜಿಯ ಕೆಲಸ ಈಗಾಗಲೇ ಕಲಿತಿದ್ದರೆ ಕಥೆ ಬೇರೆ. ಆರಿಯ ಚೈನ್ ಸಣ್ಣದಾಗಿ, ಸಮವಾಗಿ ಬರುತ್ತದೆ, ಕನ್ನಡದ ತಿರುವಿಗೆ ಚೆನ್ನಾಗಿ ಬಗ್ಗುತ್ತದೆ, ಅರ್ಧ ಗಂಟೆಯಲ್ಲಿ ಹೆಸರು ಮುಗಿಯುತ್ತದೆ. ಸೀರೆ ಕುಚ್ಚು ಕಟ್ಟಿ ಉಳಿದ ರೇಷ್ಮೆ ದಾರವೇ ಸಾಕು. ಬಿಲ್ಲೆಗೋಸ್ಕರ ಮಾತ್ರ ಆರಿ ಕಲಿಯಲು ಹೋಗಬೇಡಿ, ಫ್ರೇಮು, ಸ್ಟ್ಯಾಂಡು ಅಂತ ಖರ್ಚು ಬೆಳೆಯುತ್ತದೆ. ಮಣಿ, ಕುಂದನ್ ಹೆಸರಿನ ಮೇಲೆ ಅಂಟಿಸಬೇಡಿ. ದೂರದಿಂದ ಹೊಳಪು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಪುಟ್ಟ ಮರದ ರಿಂಗಿನ ಪದಕ ಈಗ ಬಹಳ ಜನಕ್ಕೆ ಇಷ್ಟ. ಮೂರು ಇಂಚಿನ ರಿಂಗಿನಲ್ಲೇ ಹೊಲಿದು, ಹಿಂದೆ ಮುಚ್ಚಿ, ಕೊರಳಿಗೆ ಹಾಕಿಕೊಳ್ಳುವುದು. ಉಮಾ, ರಮಾ, ಗೀತಾ ಅಂತ ಇದ್ದರೆ ಮಾಡಿ. ದುಂಡಗಿನ ಜಾಗದಲ್ಲಿ ನಡುವೆ ಮಾತ್ರ ಅಗಲ ಸಿಗುತ್ತದೆ, ಉದ್ದ ಹೆಸರನ್ನು ಎರಡು ಸಾಲಿಗೆ ಮುರಿಯಬೇಕಾಗುತ್ತದೆ. ಬಗ್ಗಿ ಹೊಲಿಯುವಾಗ ಅದು ಮುಂದೆ ತೂಗಿ ಕೈಯಲ್ಲಿರುವ ರಿಂಗಿಗೆ ಟಕ್ ಟಕ್ ಅಂತ ಬಡಿಯುತ್ತದೆ, ನನಗೆ ಎರಡೇ ವಾರಕ್ಕೆ ಸಾಕಾಯಿತು. ಕ್ರೋಶೆ ಪಟ್ಟಿಯೂ ಆಗುತ್ತದೆ, ಆದರೆ ಅದರ ಮೇಲೆ ಅಕ್ಷರ ಸ್ಪಷ್ಟವಾಗಿ ಬರುವುದು ಕಷ್ಟ. ಬಟ್ಟೆಯ ಬಿಲ್ಲೆಗೆ ಕ್ರೋಶೆ ಅಂಚು ಹಾಕಿ, ಅದು ಚೆನ್ನ.

ಅಂಚಿಗೆ ಏನು ಅಂತ ಕೇಳುವವರಿಗೆ ಧಾರವಾಡದ ಕಡೆಯ ಕಸೂತಿಯನ್ನು ಹೇಳುತ್ತೇನೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು, ಹಿಂದೆ ಮುಂದೆ ಎರಡೂ ಒಂದೇ ಥರ. ಅದರಲ್ಲಿ ಗೋಪುರ, ತೇರು, ಆನೆ ಎಲ್ಲ ಇವೆ, ಬಿಲ್ಲೆಗೆ ಅವು ದೊಡ್ಡದಾಗುತ್ತವೆ, ಒಂದು ಸರಳ ಸಾಲು ಸಾಕು. ಮಂಡ್ಯದಿಂದ ರೈಲಿನಲ್ಲಿ ಬರುವ ಗೆಳತಿಯೊಬ್ಬರು ಹೆಸರಿನ ಎರಡೂ ಪಕ್ಕ ಕಬ್ಬಿನ ಜಲ್ಲೆ ಹೊಲಿದಿದ್ದಾರೆ. ಗಂಟಿಗೆ ಒಂದೊಂದು ಅಡ್ಡ ಗೆರೆ, ತುದಿಗೆ ಎರಡು ಗರಿ, ಅಷ್ಟೇ. ನೋಡಿದ ತಕ್ಷಣ ಯಾವ ಊರಿನವರು ಅಂತ ಗೊತ್ತಾಗುತ್ತದೆ. ಹೆಸರಿಗೆ ಜಾಗ ಬಿಟ್ಟು ಉಳಿದರೆ ಮಾತ್ರ ಹೂವು ಬಳ್ಳಿ, ಅದನ್ನು ಮರೆಯಬೇಡಿ.

ಪಿನ್ನೋ, ಕೊರಳ ದಾರವೋ, ಮ್ಯಾಗ್ನೆಟ್ಟೋ

ಎಷ್ಟೇ ಚೆನ್ನಾಗಿ ಹೊಲಿದರೂ ಹಿಂದಿನ ಪಿನ್ ಸರಿಯಿಲ್ಲದಿದ್ದರೆ ಬಿಲ್ಲೆ ಮುಂದಕ್ಕೆ ಬಾಗಿ ನೆಲ ನೋಡುತ್ತದೆ. ಮಧ್ಯಕ್ಕೆ ಒಂದು ಪಿನ್ ಹಾಕುವುದರಿಂದ ಹಾಗಾಗುತ್ತದೆ. ಬಿಲ್ಲೆಯ ಎತ್ತರದಲ್ಲಿ ಮೇಲಿನ ಮೂರನೇ ಒಂದು ಭಾಗದಲ್ಲಿ ಪಿನ್ ಬರಲಿ, ಮೂರು ಇಂಚಿಗಿಂತ ಅಗಲವಿದ್ದರೆ ಎರಡು ಪಿನ್ ಹಾಕಿ. ಒಳಗೆ ರಟ್ಟು ಇಡಬೇಡಿ, ಮೊದಲ ಒಗೆತಕ್ಕೇ ಮುದ್ದೆಯಾಗುತ್ತದೆ. ಸ್ವೀಟ್ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ ಒಳಗಿಡಿ.

ಹತ್ತಿ ಸೀರೆ, ಕುರ್ತಾ ಹಾಕುವವರಿಗೆ ಸೇಫ್ಟಿ ಪಿನ್ ಸಾಕು, ಬ್ರೋಚ್ ಪಿನ್ ಸಿಕ್ಕರೆ ಇನ್ನೂ ಅಚ್ಚುಕಟ್ಟು. ರೇಷ್ಮೆ ಸೀರೆಗೆ ಪ್ರತಿ ವಾರ ಹೊಸ ತೂತು ಮಾಡಬೇಡಿ. ಹೇಗೂ ಭುಜದ ಹತ್ತಿರ ನೆರಿಗೆಗೆ ಒಂದು ಪಿನ್ ಹಾಕಿಯೇ ಇರುತ್ತೀರಿ, ಬಿಲ್ಲೆಯನ್ನು ಅದೇ ಪಿನ್ನಿಗೆ ಸೇರಿಸಿ. ಎತ್ತರದಲ್ಲಿ ಕೂರುವುದರಿಂದ ಓದಲೂ ಸುಲಭ. ಚೂಡಿದಾರಿನವರು ದುಪಟ್ಟಾ ಯಾವ ಕಡೆ ಬೀಳುತ್ತದೆ ನೋಡಿ ಇನ್ನೊಂದು ಕಡೆ ಹಾಕಿಕೊಳ್ಳಿ.

ಕೊರಳ ದಾರದಿಂದ ಬಟ್ಟೆಗೆ ತೂತಾಗುವುದಿಲ್ಲ, ಯಾವ ಉಡುಪಿಗೂ ಆಗುತ್ತದೆ. ಆದರೆ ಮಾಂಗಲ್ಯದ ಸರಕ್ಕೆ ಸಿಕ್ಕಿಕೊಳ್ಳುತ್ತದೆ, ತಿರುಗಿ ತಿರುಗಿ ಹಿಂಬದಿಯೇ ಮುಂದೆ ಬರುತ್ತದೆ. ಕೊರಳಿಗೇ ಹಾಕುವವರು ಎರಡೂ ಕಡೆ ಹೆಸರು ಹೊಲಿಯಿರಿ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಮಾಡಿದರೆ ಕನ್ನಡ ಓದಲು ಬಾರದವರಿಗೂ ಅನುಕೂಲ. ನಮ್ಮಲ್ಲಿ ಅಂಥವರು ಇಬ್ಬರಿದ್ದಾರೆ.

ಮ್ಯಾಗ್ನೆಟ್ ತೂತು ಮಾಡುವುದಿಲ್ಲ, ಹಾಕುವುದು ತೆಗೆಯುವುದು ಸಲೀಸು, ಸೂಜಿಯನ್ನು ಅದಕ್ಕೇ ಅಂಟಿಸಿಟ್ಟುಕೊಳ್ಳಬಹುದು. ಆದರೆ ಪೇಸ್‌ಮೇಕರ್ ಇರುವವರು ಎದೆಯ ಹತ್ತಿರ ಮ್ಯಾಗ್ನೆಟ್ ಇಟ್ಟುಕೊಳ್ಳಲೇಬಾರದು. ನಮ್ಮಂಥ ಗುಂಪಿನಲ್ಲಿ ವಯಸ್ಸಾದವರು ಜಾಸ್ತಿ, ಬಂದ ತಕ್ಷಣ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತೇವೆ, ಯಾರಿಗೆ ಪೇಸ್‌ಮೇಕರ್ ಇದೆ ಅಂತ ಎಲ್ಲರಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಾವು ಮ್ಯ‍ಾಗ್ನೆಟ್ ಬೇಡವೇ ಬೇಡ ಅಂದುಕೊಂಡಿದ್ದೇವೆ. ಮನೆಗೆ ಹೋದಾಗ ಅಂಟಿಕೊಂಡ ಸೂಜಿ ಮರೆತು ಮಗುವನ್ನು ಎತ್ತಿಕೊಂಡರೆ ಅನ್ನುವ ಭಯವೂ ಇದೆ.

ಹೊಸಬರಿಗೆ

ಇದೊಂದು ಉಳಿದಿತ್ತು. ಮೊದಲ ಸಲ ಬರುವವರ ಹತ್ತಿರ ಬಿಲ್ಲೆ ಇರುವುದಿಲ್ಲ, ಎಲ್ಲರಿಗೂ ಇದ್ದು ಅವರಿಗೊಬ್ಬರಿಗೇ ಇಲ್ಲದಿದ್ದರೆ ಹೊರಗಿನವರು ಅನಿಸುತ್ತದೆ. ಅದಕ್ಕೆ ನಾವು ಖಾದಿಯ ಹತ್ತು ತುಂಡುಗಳನ್ನು ನಾಲ್ಕು ಇಂಚಿಗೆ ಎರಡೂವರೆ ಇಂಚಿನಂತೆ ಕತ್ತರಿಸಿ, ಅಂಚು ಮಡಿಸಿ ಹೊಲಿದು, ಹಿಂದೆ ಪಿನ್ ಹಾಕಿ ಒಂದು ಡಬ್ಬಿಯಲ್ಲಿ ಇಟ್ಟಿದ್ದೇವೆ. ಬಂದವರು ನೀಲಿ ಪೆನ್ನಿನಲ್ಲಿ ತಮ್ಮ ಹೆಸರನ್ನು ತಾವೇ ಬರೆದು ಹಾಕಿಕೊಳ್ಳುತ್ತಾರೆ. ಪಕ್ಕದವರು ಮೂರು ಎಳೆ ದಾರ ಪೋಣಿಸಿ ಕೈಗೆ ಕೊಡುತ್ತಾರೆ. ಅವತ್ತೇ ಮೊದಲ ಅಕ್ಷರದ ಮೇಲೆ ಬ್ಯಾಕ್ ಸ್ಟಿಚ್ ಶುರುವಾಗುತ್ತದೆ, ಉಳಿದ ಅಕ್ಷರಗಳು ಮುಂದಿನ ಶನಿವಾರಕ್ಕೆ.